ಬಾಯಿ ಬಿಡಿಸಿದವರು, ಬಾಯಿ ಮುಚ್ಚಿಕೊಂಡವರು
ತುರ್ತು ಪರಿಸ್ಥಿತಿಯ ಪೊಲೀಸ್ ಹಿಂಸೆ: ತಪ್ಪು ಕಲ್ಪನೆ ಮತ್ತು ವಾಸ್ತವ

1975ರ ಜೂನ್ 25ರ ರಾತ್ರಿಯಿಂದ 1977ರ ಮಾರ್ಚ್ 21ರವರೆಗಿನ ತುರ್ತು ಪರಿಸ್ಥಿತಿ ಎಂದಕೂಡಲೇ ಜೈಲು ಸೇರಿದ ದೊಡ್ಡ ನಾಯಕರು ನೆನಪಾಗುತ್ತಾರೆ. ಪೊಲೀಸರ ಕೈಯಲ್ಲಿ ಏಟು ತಿಂದವರ ಬಗ್ಗೆ ನಮಗಿರುವ ತಿಳಿವಳಿಕೆ ಕಡಿಮೆ. ಇರುವುದರಲ್ಲೂ ಹಲವು ತಪ್ಪುಗಳಿವೆ.

ತಪ್ಪು ಕಲ್ಪನೆ: ಹಿಂಸೆಯೆಲ್ಲ ಉತ್ತರದಲ್ಲಿ ನಡೆದದ್ದು, ಕರ್ನಾಟಕ ಶಾಂತವಾಗಿತ್ತು.

ವಾಸ್ತವ: 1976ರ ಮೇ 1ರಂದು ಬೆಂಗಳೂರಿನ ಮನೆಯಿಂದ ಲಾರೆನ್ಸ್ ಫರ್ನಾಂಡಿಸ್ ಅವರನ್ನು ಪೊಲೀಸರು ಕರೆದೊಯ್ದರು. ಪೊಲೀಸರಿಗೆ ಬೇಕಿದ್ದದ್ದು ತಲೆಮರೆಸಿಕೊಂಡಿದ್ದ ಅಣ್ಣ, ಸಮಾಜವಾದಿ ನಾಯಕ ಜಾರ್ಜ್ ಎಲ್ಲಿದ್ದಾರೆ ಎಂಬ ಒಂದೇ ಉತ್ತರ. ಬಾಯಿ ಬಿಡಿಸಲು ಹೊಡೆದ ಏಟಿಗೆ ಲಾರೆನ್ಸ್ ಇನ್ನೊಬ್ಬರ ಆಸರೆಯಿಲ್ಲದೆ ನಡೆಯಲಾರದಾದರು. ಆ ಪೆಟ್ಟಿನಿಂದ ಅವರು ಬದುಕಿಡೀ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಅದೇ ತಿಂಗಳು ಬಂಧನಕ್ಕೊಳಗಾದವರು ‘ಸಂಸ್ಕಾರ’ ಚಿತ್ರದ ಚಂದ್ರಿ, ನಟಿ ಸ್ನೇಹಲತಾ ರೆಡ್ಡಿ. ಅವರಿಗೆ ತೀವ್ರ ಅಸ್ತಮಾ ಇತ್ತು. ಬೆಂಗಳೂರು ಕೇಂದ್ರ ಕಾರಾಗೃಹದ ಒಂಟಿ ಕೋಣೆಯಲ್ಲಿ ರಾತ್ರಿ ಅವರು ಉಸಿರಿಗಾಗಿ ಒದ್ದಾಡಿ ಕೂಗುತ್ತಿದ್ದುದನ್ನು ಅಲ್ಲೇ ಬಂಧಿಯಾಗಿದ್ದ ಮಧು ದಂಡವತೆ ಬರೆದಿದ್ದಾರೆ. 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು. ಐದು ದಿನಕ್ಕೆ ಅವರು ತೀರಿಕೊಂಡರು. ಲಾಠಿ ಮುಟ್ಟದೆಯೂ ಸರ್ಕಾರ ಒಬ್ಬರನ್ನು ಹಿಂಸಿಸಬಹುದು. ಕಾಯಿಲೆಯವರಿಗೆ ತಕ್ಕ ಆರೈಕೆ ಕೊಡದೆ ಕೂಡಿಹಾಕಿದರೆ ಸಾಕು.

ತಪ್ಪು ಕಲ್ಪನೆ: ಅದು ಕೆಲವು ಪೊಲೀಸರ ಅತಿರೇಕ, ಸರ್ಕಾರಕ್ಕೆ ಗೊತ್ತಿರಲಿಲ್ಲ.

ವಾಸ್ತವ: ದಿನಾಂಕ ನೋಡಿ. ಲಾರೆನ್ಸ್ ಬಂಧನಕ್ಕೆ ಮೂರೇ ದಿನ ಮೊದಲು, ಏಪ್ರಿಲ್ 28ರಂದು, ಎಡಿಎಂ ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಬಂಧನವನ್ನು ಪ್ರಶ್ನಿಸಿ ಬಂಧಿತರ ಪರವಾಗಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವ ಹಕ್ಕು ತುರ್ತು ಪರಿಸ್ಥಿತಿಯಲ್ಲಿ ಇರುವುದಿಲ್ಲ ಎಂದು ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಕಾನೂನು ಮೀರಿ ಒಬ್ಬನ ಜೀವ ತೆಗೆದರೂ ಪರಿಹಾರವಿಲ್ಲವೇ ಎಂದು ಅವರು ಕೇಳಿದಾಗ, ಇಲ್ಲ ಎಂಬರ್ಥದ ಉತ್ತರ ಕೊಟ್ಟವರು ಸರ್ಕಾರದ ಅಟಾರ್ನಿ ಜನರಲ್. ಹೀಗೆ ಬಾಗಿಲು ತೆರೆದಿಟ್ಟವರು, ಒಳಗೆ ನಡೆದದ್ದು ತಮಗೆ ಗೊತ್ತಿರಲಿಲ್ಲ ಎಂದರೆ ನಾನು ಒಪ್ಪಲಾರೆ. ಆ ತೀರ್ಪು ತಪ್ಪು ಎಂದು ಸುಪ್ರೀಂ ಕೋರ್ಟೇ ಹೇಳಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ.

ತಪ್ಪು ಕಲ್ಪನೆ: ಸೆನ್ಸಾರ್ ಇದ್ದಾಗ ಪತ್ರಿಕೆಗಳು ತಾನೇ ಏನು ಮಾಡಬಹುದಿತ್ತು?

ವಾಸ್ತವ: ಸೆನ್ಸಾರ್ ನಿಜ, ಭಯವೂ ನಿಜ. ಪತ್ರಕರ್ತರೂ ಜೈಲಿಗೆ ಹೋದರು. ಸುದ್ದಿಸಂಸ್ಥೆಗಳನ್ನೆಲ್ಲ ‘ಸಮಾಚಾರ್’ ಎಂಬ ಒಂದೇ ಸಂಸ್ಥೆಯಾಗಿ ಬೆಸೆಯಲಾಯಿತು. ಆದರೂ ದಾರಿ ಪೂರ್ತಿ ಮುಚ್ಚಿರಲಿಲ್ಲ. ಮಿನೂ ಮಸಾನಿಯವರ ‘ಫ್ರೀಡಂ ಫಸ್ಟ್’ ಒಂದು ಸಣ್ಣ ಮಾಸಿಕ. ಸೆನ್ಸಾರ್ ಅಧಿಕಾರಿ ತಡೆದ ಬರಹಗಳಿಗಾಗಿ ಅದು ಬಾಂಬೆ ಹೈಕೋರ್ಟಿಗೆ ಹೋಗಿ 1976ರಲ್ಲಿ ಗೆದ್ದಿತು. ಗುಜರಾತಿನ ಸರ್ವೋದಯ ಪತ್ರಿಕೆ ‘ಭೂಮಿಪುತ್ರ’ವೂ ಹೈಕೋರ್ಟಿನಲ್ಲಿ ಗೆದ್ದಿತು. ಅವುಗಳಿಗೆ ಜಾಹೀರಾತಿನ ಬಲವಿರಲಿಲ್ಲ, ವಕೀಲರ ಪಡೆಯಿರಲಿಲ್ಲ. ಅವೆಲ್ಲ ಇದ್ದ ದೊಡ್ಡ ಪತ್ರಿಕೆಗಳಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವು ತೀರ ಕಡಿಮೆ. ಬಹಳಷ್ಟು ಕಡೆ ಸರ್ಕಾರದ ಇಪ್ಪತ್ತಂಶದ ಕಾರ್ಯಕ್ರಮದ ಗುಣಗಾನ ಅಚ್ಚಾಗುತ್ತಿತ್ತು. ಇತ್ತ ಮಗನಿಗೆ ಬಿದ್ದ ಏಟುಗಳನ್ನು ವಿವರಿಸಿ ರಾಷ್ಟ್ರಪತಿಗೆ ಪತ್ರ ಬರೆದದ್ದು ಲಾರೆನ್ಸರ ತಾಯಿ ಆಲಿಸ್ ಫರ್ನಾಂಡಿಸ್. ವರದಿಗಾರ ಮಾಡಬೇಕಾದ ಕೆಲಸ ಆ ವೃದ್ಧೆಯ ಪಾಲಿಗೆ ಬಿತ್ತು. ಇದನ್ನು ಅಸಹಾಯಕತೆ ಎಂದು ಕರೆದು ಕೈತೊಳೆದುಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ತಪ್ಪು ಕಲ್ಪನೆ: ಆಮೇಲೆ ಎಲ್ಲ ಹೊರಬಂತು, ತಪ್ಪಿತಸ್ಥರಿಗೆ ಶಿಕ್ಷೆಯಾಯಿತು.

ವಾಸ್ತವ: ಹೊರಬಂದದ್ದು ಬಹಳ, ಶಿಕ್ಷೆ ಅಲ್ಪ. ಕ್ಯಾಲಿಕಟ್‌ನ ಎಂಜಿನಿಯರಿಂಗ್ ವಿದ್ಯಾರ್ಥಿ ರಾಜನ್ ಅವರನ್ನು 1976ರ ಮಾರ್ಚ್ 1ರಂದು ಪೊಲೀಸರು ಹಿಡಿದು ಕಕ್ಕಯಂ ಶಿಬಿರಕ್ಕೆ ಒಯ್ದರು. ಅಲ್ಲಿ ಬಂಧಿತರನ್ನು ಬೆಂಚಿಗೆ ಕಟ್ಟಿ ತೊಡೆಯ ಮೇಲೆ ಮರದ ಒನಕೆ ಉರುಳಿಸುತ್ತಿದ್ದರು. ರಾಜನ್ ಅವರ ತಂದೆ, ಹಿಂದಿ ಪ್ರಾಧ್ಯಾಪಕ ಈಚ್ಚರ ವಾರಿಯರ್ ಮಂತ್ರಿಗಳ ಮನೆ ಬಾಗಿಲು ಸುತ್ತಿದರು. ತುರ್ತು ಪರಿಸ್ಥಿತಿ ಮುಗಿಯುತ್ತಲೇ ಕೇರಳ ಹೈಕೋರ್ಟಿಗೆ ಹೋದರು. ರಾಜನ್ ಅವರನ್ನು ಬಂಧಿಸಿಯೇ ಇಲ್ಲ ಎಂದು ಸರ್ಕಾರ ಪ್ರಮಾಣ ಮಾಡಿತು. ಕೋರ್ಟ್ ನಂಬಲಿಲ್ಲ. ಇದರ ಬೆನ್ನಲ್ಲೇ, ಹಿಂಸೆ ನಡೆದಾಗ ರಾಜ್ಯದ ಗೃಹಮಂತ್ರಿಯಾಗಿದ್ದ ಕೆ. ಕರುಣಾಕರನ್, ಮುಖ್ಯಮಂತ್ರಿಯಾದ ಒಂದೇ ತಿಂಗಳಿಗೆ 1977ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು. ರಾಜನ್ ಅವರ ದೇಹ ಸಿಗಲೇ ಇಲ್ಲ. ಕರುಣಾಕರನ್ ಮುಂದೆ ಮತ್ತೆ ಮುಖ್ಯಮಂತ್ರಿಯಾದರು. ದೇಶದ ಮಟ್ಟದಲ್ಲಿ ಷಾ ಆಯೋಗ ದೌರ್ಜನ್ಯಗಳನ್ನು ದಾಖಲಿಸಿತು. 1980ರಲ್ಲಿ ಸರ್ಕಾರ ಬದಲಾದ ಮೇಲೆ ಆ ವರದಿಯನ್ನು ಕೇಳುವವರಿರಲಿಲ್ಲ.

ತಪ್ಪು ಕಲ್ಪನೆ: ಅದು ಮುಗಿದ ಕಥೆ.

ವಾಸ್ತವ: ಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಇನ್ನೂ ಅನುಮೋದಿಸಿಲ್ಲ. 2010ರಲ್ಲಿ ಲೋಕಸಭೆ ಒಪ್ಪಿದ ಹಿಂಸೆ ತಡೆ ಮಸೂದೆ ಕಾಯ್ದೆಯಾಗಲಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಲ್ಲ ಎಂಬ ನಿಯಮ ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಇತ್ತು, ಹೊಸದರಲ್ಲೂ ಇದೆ. ಅದು ಇರುವುದೇ ಏಟಿನ ಭಯಕ್ಕೆ ಯಾರು ಏನು ಬೇಕಾದರೂ ಒಪ್ಪಿಕೊಳ್ಳಬಹುದು ಎಂಬ ಕಾರಣಕ್ಕೆ. ಆದರೂ ‘ಆರೋಪಿ ತಪ್ಪೊಪ್ಪಿಕೊಂಡ’, ‘ಖಾಕಿ ಟ್ರೀಟ್‌ಮೆಂಟ್‌ಗೆ ಬಾಯಿ ಬಿಟ್ಟ’ ಎಂಬ ತಲೆಬರಹಗಳನ್ನು ನಮ್ಮ ಮಾಧ್ಯಮಗಳು ಹೆಮ್ಮೆಯಿಂದ ಹಾಕುತ್ತವೆ. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿದೆ. ಬಂಧನ ಎಷ್ಟು ಗಂಟೆಗೆ ಆಯಿತು, ವೈದ್ಯಕೀಯ ತಪಾಸಣೆ ಯಾವಾಗ ನಡೆಯಿತು, ಆ ಹೊತ್ತಿನ ದೃಶ್ಯ ಎಲ್ಲಿದೆ? ಠಾಣೆಯ ಮುಂದೆ ಮೈಕ್ ಹಿಡಿದವರು ಈ ಮೂರನ್ನು ಇಂದೇ ಕೇಳಬಹುದು. ಇದಕ್ಕೆ ಯಾವ ಸೆನ್ಸಾರ್ ಅಧಿಕಾರಿಯ ಅಪ್ಪಣೆಯೂ ಬೇಕಿಲ್ಲ.