ವಸಡಿಗೆ ಲೈಟ್ ಚಿಕಿತ್ಸೆ: ಮೊದಲು ಕ್ಲೀನಿಂಗ್ ಆಗಲಿ

"ಉಸ್ತಾದರೇ, ಈಗ ವಸಡಿಗೆ ಲೈಟ್ ಹಿಡಿದೇ ಗುಣ ಮಾಡ್ತಾರಂತೆ, ಕ್ಲೀನಿಂಗ್ ಬೇಡವಂತೆ, ಹೌದಾ?" ಎಂದು ಕೇಳುವವರಿದ್ದಾರೆ. ಲೈಟ್ ಚಿಕಿತ್ಸೆ ಇರುವುದು ನಿಜ. ಕ್ಲೀನಿಂಗ್ ಬೇಡ ಎನ್ನುವುದು ಮಾತ್ರ ಸುಳ್ಳು.

ವಸಡಿನ ರೋಗ ಹೆಚ್ಚಾಗಿ ನೋವಿಲ್ಲದೆ ಬೆಳೆಯುತ್ತದೆ. ಹಲ್ಲುಜ್ಜುವಾಗ ರಕ್ತ ಬಂದರೆ 'ಉಷ್ಣ' ಅಂತ ಎಳನೀರು ಕುಡಿದು ಸುಮ್ಮನಾಗುತ್ತೇವೆ. ಅಷ್ಟರಲ್ಲಿ ಹಲ್ಲು ಮತ್ತು ವಸಡಿನ ನಡುವಿನ ಸಂದು ಜೇಬಿನ ಹಾಗೆ ಆಳವಾಗುತ್ತಾ ಹೋಗುತ್ತದೆ. ಆರೋಗ್ಯವಂತ ವಸಡಿನಲ್ಲಿ ಅದರ ಆಳ 3 ಮಿಲಿಮೀಟರ್ ಒಳಗೆ. ರೋಗ ಬಲಿತಾಗ 5, 6, 7 ಕೂಡ ಆಗುತ್ತದೆ. ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ವುಳೂ ಮಾಡುವಾಗ ಮಿಸ್ವಾಕ್ ಬಿಡದವರೂ ತಿಳಿಯಬೇಕು, ಅಷ್ಟು ಒಳಗೆ ಕಲ್ಲಿನಂತೆ ಕೂತ ಕಿಟ್ಟವನ್ನು ಮಿಸ್ವಾಕ್ ಕೀಳಲಾರದು.

ಅದನ್ನು ಕೀಳುವುದೇ ಡೀಪ್ ಕ್ಲೀನಿಂಗ್. ವಸಡು ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕಂಪಿಸುವ ಮೆಷಿನ್ ಮತ್ತು ಕೈ ಉಪಕರಣಗಳಿಂದ ಹಲ್ಲಿನ ಬೇರಿನ ತನಕ ಕಿಟ್ಟ ತೆಗೆಯುತ್ತಾರೆ. ಒಂದಕ್ಕಿಂತ ಹೆಚ್ಚು ಸಲ ಹೋಗಬೇಕಾಗಬಹುದು. "ಕ್ಲೀನ್ ಮಾಡಿಸಿದ್ರೆ ಹಲ್ಲು ಅಲ್ಲಾಡ್ತದೆ" ಎಂಬ ಹೆದರಿಕೆ ನಮ್ಮ ಮನೆಗಳಲ್ಲಿ ಬಹಳ. ಅಸಲಿಗೆ ಮೂಳೆ ಸವೆದು ಹಲ್ಲು ಮೊದಲೇ ಸಡಿಲವಾಗಿರುತ್ತದೆ, ಕಿಟ್ಟ ಅದನ್ನು ಅಂಟಿಸಿ ಹಿಡಿದಿರುತ್ತದೆ ಅಷ್ಟೆ. ಕಿಟ್ಟ ಹೋದಾಗ ಗೊತ್ತಾಗುತ್ತದೆ. ಕೆಲವು ದಿನ ತಣ್ಣೀರು ಜುಮ್ಮೆನಿಸುವುದೂ ಉಂಟು.

ಇದಾದ ಮೇಲೆ ಲೈಟಿನ ಸರದಿ. ಮೆಥಿಲೀನ್ ಬ್ಲೂನಂಥ ನೀಲಿ ಬಣ್ಣದ ದ್ರಾವಣವನ್ನು ಆ ಸಂದಿಗೆ ಬಿಡುತ್ತಾರೆ. ಅದು ಬ್ಯಾಕ್ಟೀರಿಯಾಕ್ಕೆ ಅಂಟಿಕೊಳ್ಳುತ್ತದೆ. ಬಳಿಕ ತೆಳುವಾದ ತುದಿಯಿಂದ ಕೆಂಪು ಬೆಳಕು ಹಾಯಿಸುತ್ತಾರೆ. ಬೆಳಕು ಹೀರಿದ ಬಣ್ಣವು ಅಲ್ಲಿರುವ ಆಮ್ಲಜನಕವನ್ನು ಕೆರಳಿಸುತ್ತದೆ, ಆ ಆಮ್ಲಜನಕ ಬ್ಯಾಕ್ಟೀರಿಯಾದ ಹೊದಿಕೆಯನ್ನು ಹಾಳು ಮಾಡುತ್ತದೆ. ಇದರಲ್ಲಿ ಸುಡುವುದು, ಕೊಯ್ಯುವುದು ಇಲ್ಲ. ಐಡಿಯಾ ಹೊಸದೇನಲ್ಲ. 1900ರಲ್ಲೇ ಜರ್ಮನಿಯ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ, ಬಣ್ಣ ಬೆರೆಸಿದ ನೀರಿನಲ್ಲಿದ್ದ ಸೂಕ್ಷ್ಮಜೀವಿಗಳು ಬೆಳಕು ಬಿದ್ದಾಗ ಬೇಗ ಸಾಯುತ್ತವೆ ಎಂದು ವರದಿ ಪ್ರಕಟಿಸಿದ್ದ.

ಆದರೆ ಬೆಳಕು ಕಿಟ್ಟವನ್ನು ಕರಗಿಸುವುದಿಲ್ಲ. ಕಿಟ್ಟ ಉಳಿದರೆ ಅದರ ಮೇಲೆ ಬ್ಯಾಕ್ಟೀರಿಯಾ ಮತ್ತೆ ಬಂದು ಕೂರುತ್ತದೆ.

ಹಾಗಾದರೆ ಕ್ಲೀನಿಂಗ್ ಜೊತೆ ಲೈಟ್ ಸೇರಿಸಿದರೆ ಎಷ್ಟು ಲಾಭ? ಕೆಲವು ಅಧ್ಯಯನಗಳಲ್ಲಿ ರಕ್ತ ಬರುವುದು, ಸಂದಿನ ಆಳ ಸ್ವಲ್ಪ ಹೆಚ್ಚು ಇಳಿದಿದೆ. ಆ ವ್ಯತ್ಯಾಸ ಮಿಲಿಮೀಟರ್‌ನ ಒಂದು ಪಾಲು ಮಾತ್ರ. ಕೆಲವದರಲ್ಲಿ ವ್ಯತ್ಯಾಸವೇ ಕಂಡಿಲ್ಲ. ಯುರೋಪಿನ ವಸಡು ತಜ್ಞರ ಒಕ್ಕೂಟ 2020ರ ಮಾರ್ಗಸೂಚಿಯಲ್ಲಿ ಇದನ್ನು ಸೇರಿಸದಿರುವುದೇ ಒಳ್ಳೆಯದು ಎಂದು ಸಲಹೆ ಕೊಟ್ಟಿದೆ. ಆದ್ದರಿಂದ ಕೈಯಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಅದು ಕ್ಲೀನಿಂಗಿಗೇ ಹೋಗಲಿ ಎಂಬುದು ನನ್ನ ಅಭಿಪ್ರಾಯ. 'ಲೇಸರ್' ಎಂಬ ಬೋರ್ಡ್ ನೋಡಿ ಮರುಳಾಗಬೇಡಿ. "ನನ್ನ ಸಂದಿನ ಆಳ ಎಷ್ಟು ಡಾಕ್ಟ್ರೇ, ಈ ಲೈಟ್ ಯಾವ ಹಲ್ಲಿಗೆ, ಯಾಕೆ?" ಅಂತ ಕೇಳಿ. ಕೇಳುವುದರಲ್ಲಿ ನಾಚಿಕೆ ಏನಿದೆ?

ಶುಗರ್ ಇರುವವರು ಅದನ್ನು ಮುಚ್ಚಿಡಬಾರದು. ಶುಗರ್ ಹೆಚ್ಚಿದ್ದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಶುಗರ್ ಹತೋಟಿಗೆ ಬರುವುದೂ ಕಷ್ಟ. ಬೀಡಿ ಸಿಗರೇಟ್ ಸೇದುವವರಿಗೆ ವಸಡಿನಿಂದ ರಕ್ತ ಕಡಿಮೆ ಬರುತ್ತದೆ, ಹಾಗಾಗಿ ರೋಗ ಒಳಗಿದ್ದರೂ ತಿಳಿಯುವುದಿಲ್ಲ. ಸೇದುವುದು ನಿಲ್ಲಿಸದಿದ್ದರೆ ಯಾವ ಚಿಕಿತ್ಸೆಯೂ ಪೂರ್ತಿ ಫಲ ಕೊಡುವುದಿಲ್ಲ.

ಮಂಗಳೂರು, ದೇರಳಕಟ್ಟೆಯ ಡೆಂಟಲ್ ಕಾಲೇಜುಗಳಲ್ಲಿ ವಸಡಿಗೇ ಬೇರೆ ವಿಭಾಗವಿದೆ, ಪೆರಿಯೊಡಾಂಟಿಕ್ಸ್ ಎಂದು ಕೇಳಿದರೆ ತೋರಿಸುತ್ತಾರೆ. ಕ್ಲೀನಿಂಗ್ ಆಗಿ ಎರಡು ಮೂರು ತಿಂಗಳಿಗೆ ಮತ್ತೆ ಹೋಗಿ ಆಳ ಅಳೆಸಿಕೊಳ್ಳಬೇಕು. ಆಗಲೂ ಇಳಿಯದೆ ಉಳಿದ ಸಂದುಗಳಿಗೆ ಪುನಃ ಕ್ಲೀನಿಂಗ್ ಬೇಕೇ, ಸಣ್ಣ ಆಪರೇಷನ್ ಬೇಕೇ ಎಂದು ಡಾಕ್ಟರು ಹೇಳುತ್ತಾರೆ.