ತಾಯಿಯ ಮೇಲಿನ ಒತ್ತಡ, ಕೂಸಿನ ಎಲುಬು

ಭೌತಶಾಸ್ತ್ರದಲ್ಲಿ ಒತ್ತಡವೆಂದರೆ ಗೊತ್ತಾದ ಕ್ಷೇತ್ರದ ಮೇಲೆ ಬೀಳುವ ಬಲ. ಅದನ್ನು ಅಳೆಯಲು ಸಾಧನಗಳುಂಟು. ಬಸುರಿಯ ಮೇಲೆ ಬೀಳುವ ಒತ್ತಡವಾದರೋ ಬೇರೆ ಬಗೆಯದು: ಅರೆಹೊಟ್ಟೆ, ಬಿಡುವಿಲ್ಲದ ದುಡಿಮೆ, ಮನದ ಕಳವಳ. ಇದರ ಗುರುತು ಹುಟ್ಟಲಿರುವ ಕೂಸಿನ ಎಲುಬಿನಲ್ಲಿ ಉಳಿಯಬಲ್ಲುದೆ? ಇದನ್ನು ನಾವಿಲ್ಲಿ ವಿಚಾರಿಸೋಣ.

ಎಲುಬು ಜಡವಸ್ತುವಲ್ಲ. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ನಡುವೆ ಕ್ಯಾಲ್ಸಿಯಂ ಮತ್ತು ರಂಜಕಗಳ ಹರಳುಗಳು ಕೂಡಿ ಅದಕ್ಕೆ ಗಟ್ಟಿತನ ಬರುತ್ತದೆ. ತುಂಬು ತಿಂಗಳ ಕೂಸಿನ ಮೈಯಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಇರುವುದು. ಅದರಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಕೊನೆಯ ಮೂರು ತಿಂಗಳಲ್ಲಿಯೇ ತಾಯಿಯ ರಕ್ತದಿಂದ ಬರುತ್ತದೆ. ನಮ್ಮ ಕಡೆ ಏಳನೆಯ ತಿಂಗಳಲ್ಲಿ ಕುಬಸ ಮಾಡಿ ಬಸುರಿಗೆ ಉಣಿಸುವ ರೂಢಿಯು ಈ ಕಾಲಕ್ಕೆ ಚೆನ್ನಾಗಿ ಹೊಂದುವುದು. ಆದರೆ ಒಂದು ದಿನದ ಊಟ ಮೂರು ತಿಂಗಳಿಗೆ ಸಾಲದು.

ಕಳವಳವಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತವೆ. ಇದು ಶತ್ರುವಲ್ಲ, ಕೂಸಿನ ಶ್ವಾಸಕೋಶಗಳು ಪಕ್ವವಾಗಲು ಇದು ಬೇಕು. ಮಿತಿಮೀರಿದರೆ ಮಾತ್ರ ಎಲುಬು ಕಟ್ಟುವ ಜೀವಕೋಶಗಳ ಕೆಲಸ ಕುಂಠಿತವಾಗುವುದು. ಆದುದರಿಂದ ಗರ್ಭದ ಮಾಸು ಕಾವಲುಗಾರನಂತೆ ನಿಂತು, ತಾಯಿಯ ಕಾರ್ಟಿಸಾಲಿನ ಬಹುಭಾಗವನ್ನು ನಿಷ್ಕ್ರಿಯಗೊಳಿಸುತ್ತದೆ. ಆಹಾರದಲ್ಲಿ ಪ್ರೋಟೀನು ಕಡಮೆಯಾದಾಗ ಈ ಕಾವಲು ಸಡಿಲಾಗುವುದೆಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ಮನುಷ್ಯರಲ್ಲಿ ಹಸಿವು, ದುಡಿಮೆ, ಚಿಂತೆಗಳು ಒಟ್ಟಿಗೇ ಬರುವುದರಿಂದ ಚಿಂತೆಯೊಂದನ್ನೇ ಬೇರ್ಪಡಿಸಿ ಅಳೆಯುವುದು ಕಠಿಣ. ಉಳಿದೆರಡನ್ನು ಅಳೆದಿರುವರು. ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನದಲ್ಲಿ, ಹೊಲದ ಕೆಲಸ ಮತ್ತು ನೀರು ಹೊರುವುದು ಹೆಚ್ಚಾಗಿದ್ದ ತಾಯಂದಿರ ಕೂಸುಗಳು ಚಿಕ್ಕವಾಗಿದ್ದವು. ಬಸುರಿನಲ್ಲಿ ಹಾಲು, ಬೇಳೆ, ಸೊಪ್ಪುಗಳನ್ನು ಹೆಚ್ಚು ಸಲ ಉಂಡವರ ಮಕ್ಕಳ ಎಲುಬು ಆರನೆಯ ವರ್ಷದಲ್ಲಿ ಹೆಚ್ಚು ದಟ್ಟವಾಗಿದ್ದಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997ರಲ್ಲಿ ಆರಂಭವಾದ ಅಧ್ಯಯನದಲ್ಲಿ, ಬಿಸಿಲಿನ ನಾಡಾದರೂ ಸುಮಾರು ಮೂರರಲ್ಲಿ ಎರಡು ಪಾಲು ಬಸುರಿಯರಿಗೆ ‘ಡಿ’ ಜೀವಸತ್ವದ ಕೊರತೆಯಿದ್ದಿತು. ಅವರ ಮಕ್ಕಳ ತೋಳಿನ ಸ್ನಾಯುಗಳು ಉಳಿದವರಿಗಿಂತ ಕಿರಿದಾಗಿದ್ದವು. ಸ್ನಾಯುವಿನ ಎಳೆತವೇ ಎಲುಬನ್ನು ಬಲಪಡಿಸುವುದೆಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುವುದು.

ಪರಿಣಾಮವು ಮುಪ್ಪಿನವರೆಗೂ ಸಾಗಬಹುದು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 1924ರಿಂದ 1933ರ ವರೆಗೆ ಹುಟ್ಟಿದವರ ದಾಖಲೆಗಳನ್ನು ಪರಿಶೀಲಿಸಿದಾಗ, ಬಾಲ್ಯದಲ್ಲಿ ನಿಧಾನವಾಗಿ ಬೆಳೆದವರಲ್ಲಿ ವೃದ್ಧಾಪ್ಯದಲ್ಲಿ ಸೊಂಟದ ಕೀಲಿನ ಎಲುಬು ಮುರಿಯುವುದು ಹೆಚ್ಚೆಂದು ಕಂಡುಬಂದಿತು.

ಹಾಗೆಂದು ತಾಯಿಯನ್ನು ದೂರುವುದು ಸಲ್ಲದು. ಹುನ್ನೂರಿನಲ್ಲಾಗಲಿ ಜಮಖಂಡಿ ಸೀಮೆಯ ಬೇರೆ ಊರುಗಳಲ್ಲಾಗಲಿ, ಬಸುರಿಯ ತಲೆಯ ಮೇಲಿನ ಕೊಡವನ್ನು ಇಳಿಸಬೇಕಾದವರು ಮನೆಯವರು. ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯು ನಮ್ಮ ರಾಜ್ಯದಲ್ಲಿ 2017ರಲ್ಲಿ ಆರಂಭವಾದುದೂ ಇದೇ ಉದ್ದೇಶದಿಂದ. ಅಲ್ಲಿಗೆ ಹೋಗಿ ಬರುವಷ್ಟು ಬಿಡುವನ್ನು ಆಕೆಗೆ ಮನೆಯವರು ಕೊಡಬೇಕು.

ಗರ್ಭದಲ್ಲಿ ಆದುದು ಹಣೆಯ ಬರಹವೂ ಅಲ್ಲ. ವಯಸ್ಕರ ಎಲುಬಿನ ಖನಿಜದಲ್ಲಿ ಸುಮಾರು ಕಾಲುಭಾಗವು ಹದಿಹರೆಯದಲ್ಲಿ ಬೆಳವಣಿಗೆ ರಭಸವಾಗಿರುವ ಎರಡು ವರ್ಷಗಳಲ್ಲಿಯೇ ಸೇರುವುದು. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಈಗ ಆ ವಯಸ್ಸಿನವರು. ರೊಟ್ಟಿಯ ಜೊತೆಗೆ ಕಾಳುಪಲ್ಯ, ಎಳ್ಳಿನ ಚಟ್ನಿ, ಮಜ್ಜಿಗೆಗಳಿರಲಿ. ಬಿಸಿಲಿನಲ್ಲಿ ಓಟ, ಆಟಗಳಿರಲಿ. ನಿಮ್ಮ ಅಕ್ಕತಂಗಿಯರಿಗೂ ಇವೆಲ್ಲವೂ ಸಮಪಾಲಾಗಿ ದೊರೆಯಲಿ.