ಇಲ್ಲಿಕ್ಕುನ್ನಿನ ಮನೆ: ಒಂದು ಮಿಷನರಿ ಕುಟುಂಬದ ಮೂರು ತಲೆಮಾರು

ಹೆರ್ಮನ್ ಗುಂಡರ್ಟ್ ಮತ್ತು ಜೂಲಿ ದುಬ್ವಾ ದಂಪತಿ 1839ರ ಏಪ್ರಿಲ್‌ನಲ್ಲಿ ಮಂಗಳೂರು ಬಿಟ್ಟು ತಲಶ್ಶೇರಿಗೆ ಹೋಗಿ, ಊರಿನ ಹೊರಗೆ ನೆಟ್ಟೂರಿನ ಇಲ್ಲಿಕ್ಕುನ್ನು ಎಂಬ ಗುಡ್ಡದ ಬಂಗಲೆಯಲ್ಲಿ ಸಂಸಾರ ಹೂಡಿದರು. ಅಲ್ಲಿ ಮಿಷನ್ ಕೆಲಸ ಶುರುವಾಗಲಿ ಎಂಬ ಉದ್ದೇಶದಿಂದ ಆ ಬಂಗಲೆಯನ್ನು ಬಿಟ್ಟುಕೊಟ್ಟವರು ತಲಶ್ಶೇರಿಯ ನ್ಯಾಯಾಧೀಶರಾಗಿದ್ದ ಥಾಮಸ್ ಲುಮಿಸ್ಡನ್ ಸ್ಟ್ರೇಂಜ್. ಗಂಡ ಜರ್ಮನಿಯ ಸ್ಟುಟ್‌ಗಾರ್ಟಿನವರು, ಹೆಂಡತಿ ಸ್ವಿಟ್ಸರ್ಲೆಂಡಿನ ಕೊರ್ಸೆಲ್ ಎಂಬ ಹಳ್ಳಿಯವರು. ಅವರ ಮನೆಮಾತು ಜರ್ಮನ್, ಇವರದು ಫ್ರೆಂಚ್. ಇಬ್ಬರೂ ದುಡಿದ ಭಾಷೆ ಮಲಯಾಳ. ಮಲಯಾಳದ ಮೊದಲ ಪತ್ರಿಕೆ ಹೊರಟದ್ದು ಈ ಮನೆಯಿಂದ. ಮುಂದೆ ನೊಬೆಲ್ ಬಹುಮಾನ ಪಡೆದ ಕಾದಂಬರಿಕಾರ ಹೆರ್ಮನ್ ಹೆಸ್ಸೆಯ ತಾಯಿ ಹುಟ್ಟಿದ್ದೂ ತಲಶ್ಶೇರಿಯಲ್ಲಿ. ಮಿಷನರಿಗಳ ಚರಿತ್ರೆಯನ್ನು ನಿಘಂಟು, ವ್ಯಾಕರಣ, ಅಚ್ಚುಕೂಟಗಳ ಮೂಲಕ ಹೇಳುವುದು ನಮ್ಮಲ್ಲಿ ರೂಢಿ. ಆ ಪುಸ್ತಕಗಳ ಹಿಂದೆ ಒಂದು ಇಡೀ ಸಂಸಾರದ ದುಡಿಮೆಯಿತ್ತು, ಅಗಲಿಕೆಯ ಸಂಕಟವಿತ್ತು. ಗುಂಡರ್ಟ್ ಮನೆತನದ ಕಾಗದಪತ್ರಗಳು ಉಳಿದಿರುವುದರಿಂದ ಅದು ಇಂದಿಗೂ ಕಣ್ಣಿಗೆ ಕಾಣುತ್ತದೆ.

ಗುಂಡರ್ಟ್ ಹುಟ್ಟಿದ್ದು 1814ರಲ್ಲಿ. ಮೌಲ್‌ಬ್ರೊನ್ನಿನ ಶಾಲೆಯಲ್ಲಿ ಓದಿ, ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ ಕಲಿತು, ಡಾಕ್ಟರೇಟ್ ಪಡೆದರು. 1836ರಲ್ಲಿ ಆಂಟನಿ ನಾರಿಸ್ ಗ್ರೋವ್ಸ್ ಎಂಬ ಇಂಗ್ಲಿಷ್ ಮಿಷನರಿಯ ತಂಡದೊಂದಿಗೆ ಮದ್ರಾಸಿಗೆ ಬಂದಿಳಿದಾಗ ಅವರಿನ್ನೂ ಯಾವ ಮಿಷನ್ ಸಂಸ್ಥೆಗೂ ಸೇರಿರಲಿಲ್ಲ. ಅದೇ ತಂಡದಲ್ಲಿದ್ದ ಜೂಲಿ ವಯಸ್ಸಿನಲ್ಲಿ ಅವರಿಗಿಂತ ಐದು ವರ್ಷ ದೊಡ್ಡವರು. ಗುಂಡರ್ಟ್ ತಿರುನೆಲ್ವೇಲಿಯಲ್ಲಿ ಕೆಲಕಾಲವಿದ್ದು ತಮಿಳು ಕಲಿತರು. 1838ರ ಜುಲೈಯಲ್ಲಿ ಚಿತ್ತೂರಿನಲ್ಲಿ ಇಬ್ಬರ ಮದುವೆಯಾಯಿತು. ಅದೇ ವರ್ಷದ ಕೊನೆಗೆ ಅವರು ಮಂಗಳೂರಿಗೆ ಬಂದು ಬಾಸೆಲ್ ಮಿಷನ್ ಸೇರಿದರು. ಗುಂಡರ್ಟರನ್ನು ಅಲ್ಲಿಗೆ ಎಳೆದದ್ದು ಗೆಳೆಯ ಹೆರ್ಮನ್ ಮೋಗ್ಲಿಂಗ್. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಅದೇ ಮೋಗ್ಲಿಂಗ್. ಈ ಗೆಳೆತನ ಕೊನೆಯವರೆಗೂ ಉಳಿಯಿತು. ಮೋಗ್ಲಿಂಗ್ 1881ರಲ್ಲಿ ತೀರಿಕೊಂಡ ಮೇಲೆ ಅವರ ಜೀವನಚರಿತ್ರೆಯನ್ನು ಜರ್ಮನ್ ಭಾಷೆಯಲ್ಲಿ ಬರೆದವರು ಗುಂಡರ್ಟರೇ.

ಮಿಷನ್ ಸೇರುವ ಮೊದಲೇ ಚಿತ್ತೂರಿನಲ್ಲಿ ಮದುವೆಯಾಗಿದ್ದರಿಂದ ಈ ಜೋಡಿಗೆ ಒಂದು ಕಟ್ಟುಪಾಡು ತಟ್ಟಲಿಲ್ಲ. ಬಾಸೆಲ್ ಮಿಷನ್ ತನ್ನ ತರುಣರನ್ನು ಅವಿವಾಹಿತರಾಗಿಯೇ ಕಳುಹಿಸುತ್ತಿತ್ತು. ಕೆಲವು ವರ್ಷ ದುಡಿದ ಮೇಲೆ ಮದುವೆಯಾಗಬೇಕೆನಿಸಿದರೆ ಬಾಸೆಲ್‌ನ ಸಮಿತಿಗೆ ಅರ್ಜಿ ಹಾಕಬೇಕು. ಒಪ್ಪಿಗೆ ಸಿಕ್ಕ ಮೇಲೆ ಎಷ್ಟೋ ಸಲ ಸಮಿತಿಯವರೇ ಊರ ಕಡೆಯ ಭಕ್ತ ಕುಟುಂಬದ ಹುಡುಗಿಯೊಬ್ಬಳನ್ನು ಗೊತ್ತುಮಾಡಿ ಹಡಗು ಹತ್ತಿಸುತ್ತಿದ್ದರು. ವರನ ಮುಖವನ್ನು ಮೊದಲ ಸಲ ಮಂಗಳೂರಿನ ಬಂದರಿನಲ್ಲಿ ಕಂಡು, ಕೆಲವೇ ದಿನಗಳಲ್ಲಿ ಅವನ ಹೆಂಡತಿಯಾಗಿ, ಕೇಳಿ ಅರಿಯದ ಭಾಷೆಯ ಊರಿನಲ್ಲಿ ಮನೆ ನಡೆಸಿದ ಹೆಣ್ಣುಮಕ್ಕಳು ಅನೇಕರು. ಸಂಸ್ಥೆಯ ಲೆಕ್ಕದಲ್ಲಿ ಅವರು ಮಿಷನರಿಗಳಲ್ಲ, ಮಿಷನರಿಗಳ ಹೆಂಡಂದಿರು. ಅವರ ದುಡಿಮೆಗೆ ಬೇರೆ ಸಂಬಳವಿರಲಿಲ್ಲ.

ಜೂಲಿಯ ದುಡಿಮೆ ಸಣ್ಣದಲ್ಲ. ತಲಶ್ಶೇರಿಗೆ ಬಂದ ವರ್ಷವೇ ಅವರು ಹೆಣ್ಣುಮಕ್ಕಳಿಗೆಂದು ಶಾಲೆ ತೆರೆದರು. ಅನಾಥ ಹುಡುಗಿಯರೂ ಮತಾಂತರಗೊಂಡ ಕುಟುಂಬಗಳ ಹುಡುಗಿಯರೂ ಅಲ್ಲಿಯೇ ಉಳಿದು ಓದು, ಬರಹ, ಹೊಲಿಗೆ ಕಲಿತರು. ಮಲಬಾರಿನಲ್ಲಿ ಹೆಣ್ಣುಮಕ್ಕಳ ಶಾಲೆ ಎಂಬುದು ಅಪರೂಪವಾಗಿದ್ದ ಕಾಲವದು. ಅಡುಗೆ, ಕಾಯಿಲೆ, ಬಾಣಂತನ, ಮಕ್ಕಳ ಜಗಳ, ಬಟ್ಟೆಬರೆ ಎಲ್ಲವನ್ನೂ ನೋಡಿಕೊಂಡು ಅದರ ನಡುವೆಯೇ ಪಾಠ ಸಾಗಬೇಕಿತ್ತು. ಗಂಡ ಸುವಾರ್ತೆ ಸಾರುತ್ತ, ಓಲೆಗರಿ ಹುಡುಕುತ್ತ ಊರೂರು ಅಲೆಯುವಾಗ ಗುಡ್ಡದ ಮೇಲಿನ ಮನೆಯನ್ನೂ ಶಾಲೆಯನ್ನೂ ನಡೆಸಿದವರು ಜೂಲಿ.

ಗುಂಡರ್ಟ್ ಮಲಯಾಳ ಕಲಿತ ಬಗೆಯನ್ನು ಕೇರಳದವರು ಈಗಲೂ ಅಭಿಮಾನದಿಂದ ನೆನೆಯುತ್ತಾರೆ. ತಲಶ್ಶೇರಿಗೆ ಹತ್ತಿರದ ಚೊಕ್ಲಿಯಲ್ಲಿ ಊರಾಚ್ಚೇರಿ ಮನೆತನದ ಅಣ್ಣತಮ್ಮಂದಿರು ಸಂಸ್ಕೃತ ಮತ್ತು ಮಲಯಾಳಗಳಲ್ಲಿ ಹೆಸರಾದ ಗುರುಗಳು, ತೀಯ ಸಮುದಾಯದವರು. ಅವರ ಬಳಿ ಗುಂಡರ್ಟ್ ಶಿಷ್ಯರಾದರು. ಗಾದೆ, ಹಾಡು, ಹಳೆಯ ಕಡತ, ಶಾಸನ, ಬೆಸ್ತರ ಮಾತು, ಮಾಪ್ಪಿಳ್ಳೆಯರ ಮಾತು ಹೀಗೆ ಸಿಕ್ಕಿದ್ದನ್ನೆಲ್ಲ ಬರೆದಿಟ್ಟುಕೊಂಡರು. ‘ಪಯ್ಯನ್ನೂರ್ ಪಾಟ್ಟು’ ಎಂಬ ಹಳೆಯ ಕಾವ್ಯ ಇಂದು ಓದುಗರಿಗೆ ದಕ್ಕಿರುವುದು ಅವರು ಸಂಗ್ರಹಿಸಿ ಒಯ್ದ ಪ್ರತಿ ಟ್ಯೂಬಿಂಗನ್ನಿನಲ್ಲಿ ಉಳಿದದ್ದರಿಂದ. ಮತಪ್ರಚಾರ ಅವರ ಮೊದಲ ಗುರಿಯಾಗಿತ್ತು, ಅದನ್ನು ಅವರು ಎಂದೂ ಮರೆಮಾಚಲಿಲ್ಲ. ಆದರೆ ಈ ನೆಲದ ಮಾತಿನ ಮೇಲೆ ಅವರಿಗಿದ್ದ ಪ್ರೀತಿ ಆ ಗುರಿಯನ್ನು ದಾಟಿ ಬೆಳೆಯಿತು ಎಂಬುದಕ್ಕೆ ಅವರ ಪುಸ್ತಕಗಳೇ ಸಾಕ್ಷಿ.

1845ರಲ್ಲಿ ಇಲ್ಲಿಕ್ಕುನ್ನಿಗೆ ಕಲ್ಲಚ್ಚಿನ ಯಂತ್ರ ಬಂತು. ಅಚ್ಚುಮೊಳೆ ಎರಕ ಹೊಯ್ಯಿಸುವ ಖರ್ಚು ಅದಕ್ಕಿಲ್ಲ, ಚೆನ್ನಾಗಿ ಬರೆಯುವ ಒಂದು ಕೈ ಇದ್ದರೆ ಸಾಕು. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿನ ಮಸಿಯಿಂದ ಬರೆಯಬೇಕು. ಕಲ್ಲಿನ ಮೇಲೆ ನೇರವಾಗಿ ಬರೆದರೆ ಅಚ್ಚಿನಲ್ಲಿ ಅಕ್ಷರ ತಿರುಗುಮುರುಗಾಗುತ್ತದೆ. ಹಾಗಾಗಿ ಮೊದಲು ಕಾಗದದ ಮೇಲೆ ಬರೆದು ಅದನ್ನು ಕಲ್ಲಿಗೆ ಇಳಿಸುವ ಪದ್ಧತಿಯೂ ಇತ್ತು. ಆಮೇಲೆ ಚಪ್ಪಡಿಗೆ ನೀರು ಸವರಿ ಮಸಿಯ ಉರುಳೆ ಹಾಯಿಸಿದರೆ ಜಿಡ್ಡಿನ ಗೆರೆ ಮಸಿ ಹಿಡಿಯುತ್ತದೆ, ಒದ್ದೆ ಕಲ್ಲು ಹಿಡಿಯುವುದಿಲ್ಲ. ಕಾಗದ ಹಾಸಿ ಒತ್ತಿದರೆ ಒಂದು ಹಾಳೆ ಸಿದ್ಧ. ಮುಂದಿನ ಹಾಳೆಗೆ ಮತ್ತೆ ನೀರು, ಮತ್ತೆ ಮಸಿ, ಮತ್ತೆ ಒತ್ತು. ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟವೂ ಮೊದಲ ವರ್ಷಗಳಲ್ಲಿ ಹೀಗೆಯೇ ಕೆಲಸ ಮಾಡಿತು. ‘ಮಂಗಳೂರ ಸಮಾಚಾರ’ದ ಅಕ್ಷರಗಳು ಕೈಬರಹದಂತೆ ಕಾಣುವುದು ಅದಕ್ಕೇ. ಗುಂಡರ್ಟ್ ಸಿದ್ಧಪಡಿಸಿದ ‘ಕೇರಳೋತ್ಪತ್ತಿ’ 1843ರಲ್ಲಿ ಅಚ್ಚಾದದ್ದೂ ಮಂಗಳೂರಿನಲ್ಲೇ. 1847ರ ಜೂನ್‌ನಲ್ಲಿ ‘ರಾಜ್ಯಸಮಾಚಾರಂ’ ಇಲ್ಲಿಕ್ಕುನ್ನಿನ ಕಲ್ಲಿನಿಂದ ಹೊರಬಂತು. ಅಕ್ಟೋಬರಿನಲ್ಲಿ ‘ಪಶ್ಚಿಮೋದಯಂ’ ಬಂತು. ಮೊದಲನೆಯದು ಧರ್ಮದ ವಿಷಯಕ್ಕೆ ಮೀಸಲು, ಎರಡನೆಯದರಲ್ಲಿ ಭೂಗೋಳ, ಇತಿಹಾಸ, ವಿಜ್ಞಾನ.

ಆ ಪತ್ರಿಕೆಗಳಿಗೆ ಸ್ವಲ್ಪ ಮೊದಲು ಈ ಮನೆಯಲ್ಲಿ ನಡೆದದ್ದನ್ನು ಸಾಹಿತ್ಯ ಚರಿತ್ರೆಗಳು ಹೇಳುವುದಿಲ್ಲ. ದಂಪತಿ 1845ರಲ್ಲಿ ರಜೆಯ ಮೇಲೆ ಯುರೋಪಿಗೆ ಹೋದರು. ಮರಳಿ ಬರುವಾಗ ಮಕ್ಕಳನ್ನು ಅಲ್ಲಿಯೇ ಬಿಟ್ಟು ಬಂದರು. ಅವರಲ್ಲಿ 1842ರಲ್ಲಿ ಹುಟ್ಟಿದ ಮಗಳು ಮರೀ, ನಾಲ್ಕರ ಆಸುಪಾಸಿನ ಕೂಸು. ಇದು ಗುಂಡರ್ಟರ ಮನೆಯೊಂದರ ಕಥೆಯಲ್ಲ. ಇಲ್ಲಿನ ಹವೆ, ಜ್ವರ, ವಾಂತಿಭೇದಿಗಳ ಭಯ ಒಂದು ಕಡೆ. ಮಕ್ಕಳು ಯುರೋಪಿನ ಓದು ಮತ್ತು ನಡತೆಯಿಂದ ದೂರವಾಗಬಾರದೆಂಬ ಹಟ ಇನ್ನೊಂದು ಕಡೆ. 1850ರ ದಶಕದಲ್ಲಿ ಬಾಸೆಲ್ ಮಿಷನ್ ಇದನ್ನು ನಿಯಮವನ್ನಾಗಿಯೇ ಮಾಡಿ, ಮಿಷನರಿಗಳ ಮಕ್ಕಳಿಗೆಂದು ಬಾಸೆಲ್‌ನಲ್ಲಿ ಮನೆ ಕಟ್ಟಿಸಿತು. ಶಾಲೆಗೆ ಹೋಗುವ ವಯಸ್ಸಾದ ಕೂಡಲೇ ಮಕ್ಕಳು ಹಡಗು ಹತ್ತಬೇಕು. ಕಾಗದ ಹೋಗಿ ಉತ್ತರ ಬರಲು ತಿಂಗಳುಗಟ್ಟಲೆ ಬೇಕಿದ್ದ ಕಾಲ. ಊರಿನ ಅನಾಥ ಹುಡುಗಿಯರಿಗೆ ತಾಯಿಯಾಗಿ ನಿಂತ ಜೂಲಿ ತನ್ನ ಹೊಟ್ಟೆಯ ಮಕ್ಕಳನ್ನು ಪರರ ಕೈಗೆ ಒಪ್ಪಿಸಬೇಕಾಯಿತು. ಮಿಷನ್ ತನ್ನ ಕುಟುಂಬಗಳಿಂದ ಕೇಳಿದ ತ್ಯಾಗಗಳಲ್ಲಿ ಇದೇ ಅತಿ ಕ್ರೂರವಾದದ್ದು. ಅದನ್ನು ತೆತ್ತವರು ಒಪ್ಪಿಗೆ ಕೊಡುವ ವಯಸ್ಸೂ ಇಲ್ಲದ ಮಕ್ಕಳು.

ಮರೀ ಮತ್ತೆ ಭಾರತ ಕಂಡದ್ದು 1857ರಲ್ಲಿ, ಹದಿನೈದರ ಹೊಸ್ತಿಲಲ್ಲಿ. ಹಡಗಿನಲ್ಲಿ ಇಂಗ್ಲಿಷ್ ತರುಣನೊಬ್ಬನ ಪರಿಚಯವಾಗಿ ಇಬ್ಬರೂ ಮೆಚ್ಚಿಕೊಂಡರು. ತಂದೆ ಒಪ್ಪಲಿಲ್ಲ, ಅವನ ಕಾಗದ ಮಗಳ ಕೈಗೆ ಸೇರಲೂ ಬಿಡಲಿಲ್ಲ. ಹುಡುಗಿ ನೊಂದು, ಕಡೆಗೆ ತಂದೆಯ ದಾರಿಗೇ ಬಂದಳು. ತಾಯಿಯ ಶಾಲೆಯ ಕೆಲಸದಲ್ಲಿ ಕೈಜೋಡಿಸಿದಳು. ಅದೇ ವರ್ಷ ಸರ್ಕಾರ ಗುಂಡರ್ಟರನ್ನು ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲೆಗಳ ಇನ್‌ಸ್ಪೆಕ್ಟರರನ್ನಾಗಿ ನೇಮಿಸಿತು. ಆ ಹುದ್ದೆಗೆ ಅವರೇ ಮೊದಲಿಗರು. ಎರಡು ವರ್ಷದೊಳಗೆ ಆರೋಗ್ಯ ಕೆಟ್ಟು ಅವರು 1859ರಲ್ಲಿ ಜರ್ಮನಿಗೆ ಮರಳಿದರು. ಮುಂದೆ ಕಾಲ್ವ್ ಎಂಬ ಸಣ್ಣ ಊರಿನಲ್ಲಿ ಪುಸ್ತಕ ಪ್ರಕಾಶನ ಸಂಸ್ಥೆಯೊಂದರ ಹೊಣೆ ಹೊತ್ತರು.

ಮಲಯಾಳದ ದೊಡ್ಡ ಕೆಲಸ ಮುಗಿದದ್ದು ಆ ಕಾಲ್ವ್‌ನಲ್ಲಿ. ಇಪ್ಪತ್ತು ವರ್ಷ ಕೂಡಿಹಾಕಿದ ಟಿಪ್ಪಣಿಗಳಿಂದ ಮಲಯಾಳ-ಇಂಗ್ಲಿಷ್ ನಿಘಂಟನ್ನು ಕಟ್ಟಿದರು. ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮೂಲಕ, 1872ರಲ್ಲಿ. ಒಂದು ಪದಕ್ಕೆ ಅರ್ಥ ಕೊಟ್ಟು ಕೈತೊಳೆದುಕೊಳ್ಳುವ ಪುಸ್ತಕವಲ್ಲ ಅದು. ಪದ ಎಲ್ಲಿ ಬಳಕೆಯಾಗಿದೆ, ಸಂಸ್ಕೃತದಿಂದ ಬಂದದ್ದೋ ದ್ರಾವಿಡದ್ದೋ, ತಮಿಳು, ಕನ್ನಡ, ತುಳು, ತೆಲುಗುಗಳಲ್ಲಿ ಅದರ ನಂಟು ಯಾವುದು ಎಂದೆಲ್ಲ ತೋರಿಸುತ್ತದೆ. ಸಂಸ್ಕೃತದೊಳಗೆ ಸೇರಿಕೊಂಡ ದ್ರಾವಿಡ ಪದಗಳ ಬಗ್ಗೆ ಗುಂಡರ್ಟ್ 1869ರಲ್ಲೇ ಲೇಖನ ಬರೆದಿದ್ದರು. ಅದೇ ವಿಚಾರ 1894ರಲ್ಲಿ ಬಂದ ಕಿಟ್ಟೆಲ್ ಅವರ ಕನ್ನಡ ನಿಘಂಟಿನ ಮುನ್ನುಡಿಯಲ್ಲಿ ಇನ್ನಷ್ಟು ಬೆಳೆದು ನಿಂತಿತು.

ಮಿಷನರಿಯಾಗಿದ್ದ ಕಿಟ್ಟೆಲ್ ಅವರ ಮನೆಯಲ್ಲೂ ಅಗಲಿಕೆಯ ಸಂಕಟವಿತ್ತು. ಮದುವೆಯಾದ ನಾಲ್ಕೇ ವರ್ಷಕ್ಕೆ, 1864ರಲ್ಲಿ, ಮೊದಲ ಹೆಂಡತಿ ಪೌಲೀನೆ ತೀರಿಕೊಂಡರು. ಆಮೇಲೆ ಕಿಟ್ಟೆಲ್ ಪೌಲೀನೆಯ ತಂಗಿ ಜೂಲಿಯನ್ನು ಮದುವೆಯಾದರು. ಮೋಗ್ಲಿಂಗ್ ಕೈಹಿಡಿದದ್ದು ತಮ್ಮ ಜೊತೆಗಾರ ವೈಗ್ಲೆಯ ವಿಧವೆಯನ್ನು. ಆಕೆಯ ಅನಾರೋಗ್ಯದಿಂದ ಅವರು 1860ರಲ್ಲಿ ಕೊಡಗನ್ನೂ ಕನ್ನಡನಾಡನ್ನೂ ಬಿಡಬೇಕಾಯಿತು.

ಮರೀಯ ಬದುಕಿಗೆ ಮತ್ತೆ ಬಂದರೆ, 1865ರಲ್ಲಿ ಆಕೆ ಚಾರ್ಲ್ಸ್ ಇಸೆನ್‌ಬರ್ಗ್ ಎಂಬ ಮಿಷನರಿಯನ್ನು ಮದುವೆಯಾಗಿ ಸಿಂಧ್ ಪ್ರಾಂತದ ಹೈದರಾಬಾದಿಗೆ ಹೋದರು. 1870ರಲ್ಲಿ ಗಂಡನನ್ನು ಕಳೆದುಕೊಂಡು ಇಬ್ಬರು ಗಂಡುಮಕ್ಕಳೊಂದಿಗೆ ತಂದೆಯ ಮನೆ ಸೇರಿದರು. ಮಕ್ಕಳನ್ನು ಸಾಕುತ್ತ ಕಾಲ್ವ್‌ನ ಹುಡುಗರ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದರು. ಅದೇ ಹೊತ್ತಿಗೆ ಮಂಗಳೂರಿನಲ್ಲಿ ಯೊಹಾನೆಸ್ ಹೆಸ್ಸೆ ಎಂಬ ಎಸ್ಟೋನಿಯಾದ ತರುಣ ಬಾಸೆಲ್ ಮಿಷನ್ನಿನ ಸೆಮಿನರಿಯಲ್ಲಿ ಪಾಠ ಹೇಳುತ್ತಿದ್ದರು. ಕರಾವಳಿಯ ಹವೆ ಅವರ ಮೈಗೆ ಹಿಡಿಸಲಿಲ್ಲ. 1873ರಲ್ಲಿ ಕಾಯಿಲೆಯಿಂದ ಮರಳಿದ ಅವರನ್ನು ಮಿಷನ್ ಗುಂಡರ್ಟರಿಗೆ ಸಹಾಯಕರಾಗಿ ಕಾಲ್ವ್‌ಗೆ ಕಳುಹಿಸಿತು. ಮರುವರ್ಷ ಮರೀಗೂ ಅವರಿಗೂ ಮದುವೆಯಾಯಿತು. 1877ರಲ್ಲಿ ಹುಟ್ಟಿದ ಮಗನಿಗೆ ಅಜ್ಜನ ಹೆಸರನ್ನೇ ಇಟ್ಟರು.

ಹೆರ್ಮನ್ ಹೆಸ್ಸೆ ಬೆಳೆದದ್ದು ಮಲಬಾರಿನ ನೆನಪುಗಳ ನಡುವೆ. ಅಜ್ಜನ ಗಾಜಿನ ಕಪಾಟಿನಲ್ಲಿದ್ದ ಭಾರತದ ಪುಟ್ಟ ವಿಗ್ರಹವೊಂದು ಮುಂದೆ ಅವರ ಬರಹದಲ್ಲಿ ಕಾಣಿಸಿಕೊಂಡಿತು. ಅಜ್ಜ ಓದಿದ ಮೌಲ್‌ಬ್ರೊನ್ ಶಾಲೆಗೇ ಅವರನ್ನೂ ಸೇರಿಸಿದರು, 1892ರಲ್ಲಿ ಹೆಸ್ಸೆ ಅಲ್ಲಿಂದ ಓಡಿಹೋದರು. ಮರುವರ್ಷ ಗುಂಡರ್ಟ್ ಕಣ್ಣುಮುಚ್ಚಿದರು. ಜೂಲಿ 1885ರಲ್ಲೇ ತೀರಿಕೊಂಡಿದ್ದರು. ಹೆಸ್ಸೆ 1911ರಲ್ಲಿ ಪೂರ್ವದೇಶಗಳಿಗೆ ಪ್ರಯಾಣ ಹೊರಟು ಸಿಲೋನ್, ಸಿಂಗಾಪುರ, ಸುಮಾತ್ರಾಗಳನ್ನು ನೋಡಿದರು. ತಾಯಿ ಹುಟ್ಟಿದ ತಲಶ್ಶೇರಿಗೆ ಬರಲಾಗಲಿಲ್ಲ. ‘ಸಿದ್ಧಾರ್ಥ’ 1922ರಲ್ಲಿ ಬಂತು. ಅದರ ಎರಡನೆಯ ಭಾಗವನ್ನು ಅವರು ಅರ್ಪಿಸಿದ್ದು ವಿಲ್‌ಹೆಲ್ಮ್ ಗುಂಡರ್ಟ್ ಎಂಬ ಸೋದರಸಂಬಂಧಿಗೆ. ಇವರು 1906ರಲ್ಲಿ ಮಿಷನರಿಯಾಗಿ ಜಪಾನಿಗೆ ಹೋಗಿ, ಅಲ್ಲಿ ಅಜ್ಜನಂತೆಯೇ ಊರಿನ ಭಾಷೆ ಮತ್ತು ಗ್ರಂಥಗಳಿಗೆ ಮನಸೋತು ವಿದ್ವಾಂಸರಾದವರು. ಚೀನಾದ ಝೆನ್ ಗ್ರಂಥವೊಂದರ ಇವರ ಜರ್ಮನ್ ಅನುವಾದ ಪ್ರಸಿದ್ಧ. ಅಜ್ಜ ಹೊರಟದ್ದು ತನ್ನ ಧರ್ಮವನ್ನು ಪರನಾಡಿಗೆ ಮುಟ್ಟಿಸಲು. ಮೊಮ್ಮಕ್ಕಳ ಕಾಲಕ್ಕೆ ಪರನಾಡಿನ ಧರ್ಮವೇ ಜರ್ಮನ್ ಭಾಷೆಗೆ ಹರಿಯಿತು.

ಗುಂಡರ್ಟರ ದಿನಚರಿ ಮತ್ತು ಪತ್ರಗಳನ್ನು ಆಲ್ಬ್ರೆಖ್ಟ್ ಫ್ರೆಂಜ್ ಸಂಪಾದಿಸಿ ಪ್ರಕಟಿಸಿದ್ದಾರೆ. ಮರೀಯ ಕಾಗದ ಮತ್ತು ದಿನಚರಿಗಳನ್ನು ಆಕೆಯ ಮಗಳು ಅಡೇಲೆ ಪುಸ್ತಕವಾಗಿ ತಂದರು. ಗುಂಡರ್ಟ್ ಒಯ್ದ ಓಲೆಗರಿ, ಕೈಬರಹ, ಅಚ್ಚುಪುಸ್ತಕಗಳು ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. 2018ರಿಂದ ಅವು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಓದಲು ಸಿಗುತ್ತಿವೆ. ಮಲಯಾಳದ ಜೊತೆ ಕನ್ನಡ ಮತ್ತು ತುಳುವಿನ ಹಳೆಯ ಪ್ರಕಟಣೆಗಳೂ ಅಲ್ಲಿರುವುದರಿಂದ ನಮ್ಮ ಸಂಶೋಧಕರು ಅತ್ತ ಕಣ್ಣು ಹಾಯಿಸಬೇಕು. ಇಲ್ಲಿಕ್ಕುನ್ನಿನ ಬಂಗಲೆ ಈಗ ವಸ್ತುಸಂಗ್ರಹಾಲಯವಾಗಿದೆ. ಮಂಗಳೂರಿನಿಂದ ತಲಶ್ಶೇರಿಗೆ ರೈಲಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ನಿಲ್ದಾಣದಲ್ಲಿ ಇಳಿದು ಕಣ್ಣೂರು ರಸ್ತೆ ಹಿಡಿದರೆ ಆ ಗುಡ್ಡ ಸಿಗುತ್ತದೆ.